ರಜೆಯ ಕೊನೆಯ ಭಾನುವಾರ

ಮೇ ತಿಂಗಳ ಮೂರನೆಯ ವಾರ ಕಳೆಯಿತೆಂದರೆ ಮಕ್ಕಳಿರುವ ಮನೆಗಳಲ್ಲಿ ಕ್ಯಾಲೆಂಡರಿಗೆ ಇದ್ದಕ್ಕಿದ್ದಂತೆ ಬೆಲೆ ಬರುತ್ತದೆ. ಏಪ್ರಿಲ್ ಎರಡನೆಯ ವಾರದಲ್ಲಿ ಮುಗಿಯುವುದೇ ಇಲ್ಲವೆಂಬಂತೆ ಕಂಡಿದ್ದ ಬೇಸಿಗೆ ರಜೆ ಬೆರಳೆಣಿಕೆಗೆ ಇಳಿದಿರುತ್ತದೆ. ಅಲ್ಲಿಯವರೆಗೆ ವಾರ ಯಾವುದು, ತಾರೀಖು ಯಾವುದು ಎಂಬ ಗೊಡವೆಯೇ ಇಲ್ಲದೆ ಬೀದಿಯಲ್ಲಿ ಕ್ರಿಕೆಟ್ಟು, ಬುಗುರಿ ಎಂದು ಕಾಲ ಕಳೆದ ಹುಡುಗರು "ಇವತ್ತು ಗುರುವಾರನಾ, ಶುಕ್ರವಾರನಾ?" ಎಂದು ಕೇಳತೊಡಗುತ್ತಾರೆ. ಪುಸ್ತಕದಂಗಡಿಗಳ ಮುಂದೆ ಬೈಂಡು ಕಾಗದದ ಕಂದು ಸುರುಳಿಗಳು ನಿಲ್ಲುತ್ತವೆ. ಮಾವಿನಹಣ್ಣಿನ ಗಾಡಿಗಳಲ್ಲಿ ರಸಪುರಿ, ಬಾದಾಮಿಗಳ ಬೆಲೆ ಇಳಿದಿರುತ್ತದೆ. ಆದರೆ ಒಂದೆರಡು ಮಳೆ ಬಿದ್ದ ಮೇಲೆ ಹಣ್ಣನ್ನು ಕುಯ್ದು ನೋಡದೆ ಬಾಯಿಗಿಡುವ ಧೈರ್ಯ ಯಾರಿಗೂ ಇರುವುದಿಲ್ಲ. ಹಣ್ಣಿನ ಸಿಪ್ಪೆಯೊಳಗೆ ನೊಣ ಮೊಟ್ಟೆಯಿಟ್ಟ ಗುರುತು ಹೊರಗಿನಿಂದ ಕಾಣುವುದೇ ಇಲ್ಲವಲ್ಲ!

ರಜೆ ಮುಗಿಯುವುದು ಮಕ್ಕಳಿಗೆ ಸಂಕಟ, ತಾಯಂದಿರಿಗೆ ನೆಮ್ಮದಿ, ತಂದೆಯರಿಗೆ ಫೀಸು. ಇದು ಸಾಮಾನ್ಯ ಲೆಕ್ಕ. ದರ್ಜಿಯ ಮನೆಯಲ್ಲಿ ಮಾತ್ರ ಈ ಲೆಕ್ಕ ತಲೆಕೆಳಗು. ಊರಿನ ಮಕ್ಕಳ ರಜೆ ಮುಗಿಯುವ ಹೊತ್ತಿಗೇ ಅಲ್ಲಿ ಸುಗ್ಗಿ ಶುರುವಾಗುತ್ತದೆ. ತನ್ನ ಮಕ್ಕಳು ಮನೆಯಲ್ಲಿರುವ ಕೊನೆಯ ಹದಿನೈದು ದಿನ ಆ ತಂದೆ ಊರಿನವರ ಮಕ್ಕಳ ಅಂಗಿ, ಚಡ್ಡಿ, ಲಂಗಗಳ ನಡುವೆ ಮುಳುಗಿರುತ್ತಾನೆ.

ಮೈಸೂರಿನ ಕೃಷ್ಣಮೂರ್ತಿಪುರಂ ಕಡೆಯ ಒಂದು ಅಡ್ಡರಸ್ತೆಯಲ್ಲಿ ಅಂಥದೊಂದು ಮನೆಯಿದೆ. ಮುಂದಿನ ಕೋಣೆಯೇ ಅಂಗಡಿ. ಎರಡು ಹೊಲಿಗೆ ಯಂತ್ರ, ಒಂದು ಓವರ್‌ಲಾಕ್, ಗೋಡೆಯ ಮೇಲೆ ಮೊಳೆಗೆ ತೂಗುಹಾಕಿದ ಅಳತೆಯ ಪುಸ್ತಕ. ಹಿಂದೆ ಎರಡು ಮೂರು ಶಾಲೆಗಳ ಸಮವಸ್ತ್ರ ಪೂರಾ ಇಲ್ಲೇ ಆಗುತ್ತಿತ್ತು. ಈಗ ದೊಡ್ಡ ಶಾಲೆಗಳು ಸಿದ್ಧ ಉಡುಪಿನವರಿಗೆ ಗುತ್ತಿಗೆ ಕೊಟ್ಟುಬಿಟ್ಟಿವೆ. ಉಳಿದಿರುವುದು ಬಟ್ಟೆ ತಂದು ಹೊಲಿಸುವ ತಂದೆತಾಯಿಗಳು, ಸಿದ್ಧ ಉಡುಪು ಹಿಡಿಸದೆ ಬಿಚ್ಚಿ ಸರಿಮಾಡಿಸುವವರು, ಮತ್ತು ಸರ್ಕಾರ ಬಟ್ಟೆ ಕೊಟ್ಟು ಹೊಲಿಗೆಯನ್ನು ಮನೆಯವರಿಗೆ ಬಿಟ್ಟಾಗ ಬರುವ ಕನ್ನಡ ಶಾಲೆಯ ಮಕ್ಕಳು. ಎಲ್ಲರದೂ ಒಂದೇ ಮಾತು: "ಒಳಗೆ ಎರಡಂಗುಲ ಬಿಟ್ಟು ಹೊಲೀರಿ, ಬೆಳೆಯೋ ಮಗು." ದರ್ಜಿ ಹೇಳದಿದ್ದರೂ ಬಿಡುತ್ತಾನೆ. ಮುಂದಿನ ಮೇ ತಿಂಗಳಿಗೆ ಆ ಮಡಿಕೆ ಬಿಚ್ಚಲು ಅವರು ಮತ್ತೆ ಬರಬೇಕಲ್ಲ.

2024ರ ಬೇಸಿಗೆ ಎಲ್ಲ ಬೇಸಿಗೆಯಂತಿರಲಿಲ್ಲ. ಹಿಂದಿನ ವರ್ಷ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಗಿದ್ದವು. ನಲ್ಲಿಯಲ್ಲಿ ನೀರು ಬಂದರೆ ಅದೇ ಒಂದು ಸುದ್ದಿ. ಮಡಕೆಯ ನೀರು ಮಾತ್ರ ಎಂದಿಗಿಂತ ತಣ್ಣಗಿತ್ತು. ಗಾಳಿ ಒಣಗಿದಷ್ಟೂ ಮಡಕೆಯ ಮೈಯಿಂದ ನೀರು ಬೇಗ ಆವಿಯಾಗುತ್ತದೆ, ಆವಿಯಾಗುವ ನೀರು ಉಳಿದ ನೀರಿನ ಶಾಖವನ್ನು ಕೊಂಡೊಯ್ಯುತ್ತದೆ. ಬರದಲ್ಲಿ ಬಡವನಿಗೆ ಸಿಕ್ಕ ಒಂದೇ ಲಾಭ ಅದು. ಮಹಡಿಯ ಮೇಲೆ ಹಾಕಿದ ಸಂಡಿಗೆಯೂ ಎರಡೇ ದಿನಕ್ಕೆ ಗಲಗಲ ಅನ್ನುತ್ತಿತ್ತು. ಕಾಗೆ ಕಾಯುವ ಕೆಲಸ ಮನೆಯ ಹುಡುಗನದು, ಆರನೆಯ ತರಗತಿ ಮುಗಿಸಿದವನು. ಅವನ ಕೂಲಿ ಬಿಸಿ ಬಿಸಿ ಸಂಡಿಗೆ ಹಿಟ್ಟು. ಕಾಗೆ ತಿಂದದ್ದಕ್ಕಿಂತ ಕಾವಲುಗಾರ ತಿಂದದ್ದೇ ಹೆಚ್ಚು ಎಂದು ಅಜ್ಜಿಯ ದೂರು.

ಅವನ ಅಕ್ಕ ಆ ವರ್ಷ ಎಸ್ಸೆಸ್ಸೆಲ್ಸಿ ಬರೆದಿದ್ದಳು. ಪರೀಕ್ಷೆ ಏಪ್ರಿಲ್ 6ಕ್ಕೆ ಮುಗಿದಿತ್ತು. ಮೇ 9ರಂದು ಫಲಿತಾಂಶ ಬಂತು. 625ಕ್ಕೆ ಆರುನೂರರ ಹತ್ತಿರ ಹತ್ತಿರ. ರಾಜ್ಯದ ಫಲಿತಾಂಶವೇ ಕುಸಿದ ವರ್ಷ ಅದು. ಅಂಥದರಲ್ಲಿ ದರ್ಜಿಯ ಮಗಳು ಇಷ್ಟು ತೆಗೆದದ್ದು ಬೀದಿಗೆಲ್ಲ ಹಬ್ಬವಾಯಿತು. ಬಟ್ಟೆ ಕೊಡಲು ಬಂದವರೆಲ್ಲ ಅವಳನ್ನು ಕರೆಸಿ ನೋಡಿಹೋದರು. ಹತ್ತೇ ದಿನದಲ್ಲಿ ಕರಾವಳಿಯ ಒಂದು ಪಿಯು ಕಾಲೇಜಿನಿಂದ ಪತ್ರ ಬಂತು. ವಿಜ್ಞಾನ ವಿಭಾಗದಲ್ಲಿ ಉಚಿತ ಸೀಟು, ಊಟ ವಸತಿಯೂ ಉಚಿತ. ಜೂನ್ 1ಕ್ಕೆ ಹಾಸ್ಟೆಲ್ಲಿನಲ್ಲಿ ಹಾಜರಿರಬೇಕು.

ಪತ್ರದ ಜೊತೆಗೆ ನಿಯಮಗಳ ಒಂದು ಹಾಳೆಯೂ ಇತ್ತು. ಮೊಬೈಲು ಕೂಡದು. ಭಾನುವಾರ ಹತ್ತು ನಿಮಿಷ ಹಾಸ್ಟೆಲ್ಲಿನ ಫೋನಿನಲ್ಲಿ ಮಾತು. ದಸರೆಗೆ ನಾಲ್ಕು ದಿನ ರಜೆ. ಮೊದಲ ವರ್ಷದ ಪರೀಕ್ಷೆ ಮುಗಿದ ಮಾರನೆಯ ವಾರದಿಂದಲೇ ಎರಡನೆಯ ವರ್ಷದ ಪಾಠ. ಅದು ಮುಗಿದರೆ ಸಿಇಟಿ, ನೀಟ್. ಬೇಸಿಗೆ ರಜೆ ಎಂಬ ಶಬ್ದ ಆ ಹಾಳೆಯಲ್ಲಿ ಎಲ್ಲೂ ಇರಲಿಲ್ಲ. ಎರಡು ವರ್ಷದ ಪಾಠವನ್ನು ಹದಿನೈದು ತಿಂಗಳಲ್ಲಿ ಮುಗಿಸಿ ಉಳಿದದ್ದನ್ನೆಲ್ಲ ಪ್ರಶ್ನೆಪತ್ರಿಕೆ ಬಿಡಿಸುವುದರಲ್ಲೇ ಕಳೆಸುವ ಈ ಪದ್ಧತಿಯನ್ನು ಯಾರು ಕಂಡುಹಿಡಿದರೋ! ಹದಿನಾರರ ವಯಸ್ಸಿಗೆ ಮಾವಿನ ಮರದ ಕೆಳಗೆ ಸುಮ್ಮನೆ ಕೂತು ಕಾಲ ಕಳೆಯುವುದೂ ಒಂದು ಬಗೆಯ ಓದು ಎಂದರೆ ಇಂದು ನಗುವವರೇ ಹೆಚ್ಚು. ಹಾಗೆಂದು ಬಂದ ಉಚಿತ ಸೀಟನ್ನು ದರ್ಜಿಯೊಬ್ಬ ಬೇಡವೆನ್ನುವುದೂ ಆಗದ ಮಾತು. ಆ ಮನೆಯಲ್ಲಿ ಎಲ್ಲರಿಗೂ ಇದು ಅರ್ಥವಾಗಿತ್ತು. ಅದಕ್ಕೇ ಯಾರೂ ಅದರ ಬಗ್ಗೆ ಮಾತಾಡುತ್ತಿರಲಿಲ್ಲ.

ಮಗಳು ಮಾತ್ರ ಮೇ ತಿಂಗಳು ಪೂರ್ತಿ ಅಪ್ಪನ ಪಕ್ಕದಲ್ಲೇ ಕೂತು ಕಾಜ ಹಾಕಿದಳು, ಗುಂಡಿ ಹೊಲಿದಳು. ರಾತ್ರಿ ಊಟವಾದ ಮೇಲೆ ತಾಯಿಯೂ ಬಂದು ಲಂಗದ ಅಂಚು ಮಡಚುತ್ತಿದ್ದಳು.

ಮೇ 23ರ ರಾತ್ರಿ, ಅಂದರೆ ಶಾಲೆ ತೆರೆಯಲು ಇನ್ನು ಆರು ದಿನವಿರುವಾಗ, ಹುಡುಗ ಮಾತೆತ್ತಿದ.

"ಅಪ್ಪ, ಈ ರಜೇಲಿ ನಾವು ಎಲ್ಲಿಗೂ ಹೋಗ್ಲೇ ಇಲ್ಲ."

"ಹೋಗೋಣ ಮಗ. ಇದೊಂದಿಷ್ಟು ಮುಗೀಲಿ."

"ಅದು ಮುಗಿಯೋ ಹೊತ್ಗೆ ಸ್ಕೂಲೇ ಶುರುವಾಗಿರುತ್ತೆ."

"ಈ ಭಾನುವಾರ ಆಗಲ್ಲ ಕಣೋ. ನಲವತ್ತು ಜೊತೆ ಬಾಕಿ ಅವೆ. ಬುಧವಾರ ಎಲ್ರಿಗೂ ಕೊಡ್ಬೇಕು."

ಗೋಡೆಗೊರಗಿ ಎಲೆ ಅಡಿಕೆ ಕುಟ್ಟುತ್ತಿದ್ದ ಅಜ್ಜಿ ತಲೆಯೆತ್ತದೆ ಹೇಳಿತು: "ಈ ಮಗು ಹೊರಟೋದ್ಮೇಲೆ ಇನ್ಯಾವ ಭಾನುವಾರ ಬತ್ತದಪ್ಪ?"

ಯಂತ್ರದ ಶಬ್ದ ನಿಂತಿತು. ಸ್ವಲ್ಪ ಹೊತ್ತು ಬೀದಿಯ ಕಡೆ ನೋಡಿ ದರ್ಜಿ, "ನಂಜನಗೂಡಿಗೆ ಹೋಗ್ ಬರಾನ. ಬೆಳಿಗ್ಗೆ ಹೋಗಿ ಸಂಜೆ ಬಂದ್ಬುಡಾದು" ಎಂದ. ಆಮೇಲೆ ಯಂತ್ರ ಮತ್ತೆ ಓಡಿತು. ಶನಿವಾರ ರಾತ್ರಿ ಅದು ನಿಂತಾಗ ಎರಡು ಗಂಟೆ.

ದೊಡ್ಡ ಪ್ರವಾಸಕ್ಕೆ ಸಿದ್ಧತೆ ಕಡಿಮೆ, ಸಣ್ಣ ಪ್ರವಾಸಕ್ಕೆ ಸಿದ್ಧತೆ ಹೆಚ್ಚು. ದುಡ್ಡಿದ್ದವರು ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಬಿಡುತ್ತಾರೆ, ಹಾದಿಯುದ್ದಕ್ಕೂ ಹೋಟೆಲುಗಳಿವೆ. ಈ ಮನೆಯಲ್ಲಿ ಬೆಳಗಿನ ನಾಲ್ಕೂವರೆಗೇ ಒಲೆ ಹೊತ್ತಿತು. ಮಾವಿನಕಾಯಿ ತುರಿದ ಚಿತ್ರಾನ್ನ, ಮೊಸರನ್ನ, ಹುರಿದ ಸಂಡಿಗೆ, ಒಂದು ಡಬ್ಬಿ ಉಪ್ಪಿನಕಾಯಿ. ಮೊಸರನ್ನದ ಗುಟ್ಟು ಹೆಂಗಸರಿಗೆಲ್ಲ ಗೊತ್ತಿರುವುದೇ. ಹೊತ್ತು ಮೀರಿ ತಿನ್ನಬೇಕಾದರೆ ಅನ್ನಕ್ಕೆ ಮೊಸರು ಸುರಿಯುವುದಿಲ್ಲ. ಉಗುರುಬೆಚ್ಚಗಿನ ಅನ್ನಕ್ಕೆ ಹಾಲು ಹಾಕಿ, ಒಂದೇ ಚಮಚ ಮೊಸರು ಬೆರೆಸಿ ಮುಚ್ಚುತ್ತಾರೆ. ಡಬ್ಬಿಯೊಳಗಿನ ಬ್ಯಾಕ್ಟೀರಿಯಾಗಳು ಹಾದಿಯುದ್ದಕ್ಕೂ ಕೆಲಸ ಮಾಡುತ್ತ ಹೋಗಿ, ಊಟದ ಹೊತ್ತಿಗೆ ಹಾಲನ್ನು ಹುಳಿಯಿಲ್ಲದ ಮೊಸರಾಗಿಸಿರುತ್ತವೆ. ಶಾಲೆಯ ಪ್ರಯೋಗಶಾಲೆಯಲ್ಲಿ ಇಷ್ಟು ಚೊಕ್ಕಟವಾಗಿ, ಇಷ್ಟು ಹೊತ್ತಿಗೆ ಸರಿಯಾಗಿ ಮುಗಿಯುವ ಪ್ರಯೋಗ ಅಪರೂಪ.

ಹೋಗುವುದು ಹೇಗೆ ಎನ್ನುವುದರ ಮೇಲೆ ಹೊಸಿಲಲ್ಲಿ ನಿಂತು ಒಂದು ವಾದವಾಯಿತು. ಬಸ್ಸಿನಲ್ಲೇ ಹೋಗೋಣ ಎಂದು ಅಜ್ಜಿ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟಿಗೆ ದುಡ್ಡಿಲ್ಲ. ಮೂವರು ಹೆಂಗಸರಿರುವಾಗ ರೈಲಿಗೆ ಯಾಕೆ ದಂಡ ತೆರಬೇಕು? ರೈಲೇ ಬೇಕು ಎಂದು ಹುಡುಗ. ಪ್ಯಾಸೆಂಜರ್ ರೈಲಿನ ಟಿಕೇಟು ಹೋಟೆಲಿನ ಒಂದು ಕಾಫಿಗಿಂತ ಅಗ್ಗ, ಮೇಲಾಗಿ ಬಸ್ಸಿನಲ್ಲಿ ಅವನಿಗೂ ಅಪ್ಪನಿಗೂ ಹೇಗೂ ದುಡ್ಡು ಕೊಡಲೇಬೇಕು. ಕೊನೆಗೆ ಹೋಗುವಾಗ ರೈಲು, ಬರುವಾಗ ಬಸ್ಸು ಎಂದು ರಾಜಿಯಾಯಿತು. ರಾಜಿ ಮಾಡಿಸಿದವಳು ಮಗಳು. ಇನ್ನು ಮೇಲೆ ಈ ಮನೆಯ ಜಗಳಗಳನ್ನು ಯಾರು ತೀರ್ಮಾನಿಸುತ್ತಾರೋ ಎಂದು ತಾಯಿಗೆ ಅನ್ನಿಸಿರಬೇಕು. ಅವಳು ಆಡಲಿಲ್ಲ. ಚೀಲಕ್ಕೆ ಇನ್ನೊಂದು ಟವೆಲು ತುರುಕಿದಳು.

ಮೈಸೂರಿನಿಂದ ನಂಜನಗೂಡಿಗೆ ಇಪ್ಪತ್ತೈದು ಕಿಲೋಮೀಟರು. ಪ್ಯಾಸೆಂಜರ್ ರೈಲಿಗೆ ಮುಕ್ಕಾಲು ಗಂಟೆಯ ದಾರಿ. ಕಿಟಕಿಯ ಪಕ್ಕದ ಜಾಗ ಸಿಕ್ಕರೆ ಇದಕ್ಕಿಂತ ಒಳ್ಳೆಯ ಮುಕ್ಕಾಲು ಗಂಟೆ ಈ ಜಿಲ್ಲೆಯಲ್ಲಿಲ್ಲ. ಅಶೋಕಪುರಂ ದಾಟಿದ ಮೇಲೆ ಎಡಗಡೆ ಚಾಮುಂಡಿಬೆಟ್ಟ ಬಹಳ ಹೊತ್ತು ಜೊತೆಗೇ ಬರುತ್ತದೆ. ಬೆಟ್ಟ ಓಡುವುದಿಲ್ಲ, ಹತ್ತಿರದ ಮರಗಳು ಮಾತ್ರ ಓಡುತ್ತವೆ ಎಂದು ಹುಡುಗ ಹೇಳಿದ. ಕಣ್ಣಿಗೆ ದೂರದ್ದು ನಿಧಾನ, ಹತ್ತಿರದ್ದು ವೇಗ ಎಂದು ಅಕ್ಕ ವಿವರಿಸಲು ಹೊರಟು, ಅರ್ಧಕ್ಕೇ ನಿಲ್ಲಿಸಿ ಸುಮ್ಮನೆ ಬೆಟ್ಟ ನೋಡುತ್ತ ಕೂತಳು. ಹಳಿಯ ಪಕ್ಕದಲ್ಲಿ ಗುಲ್‌ಮೊಹರ್ ಮರಗಳು ಎಲೆಗಿಂತ ಹೂವೇ ಹೆಚ್ಚಾಗಿ ನಿಂತಿದ್ದವು. ಮಡಗಾಸ್ಕರಿನಿಂದ ಬಂದ ಈ ಮರ ನಮ್ಮ ಮಕ್ಕಳ ಬೇಸಿಗೆಯ ಬಣ್ಣವೇ ಆಗಿಹೋಗಿದೆ. ಕಡಕೊಳ, ತಾಂಡವಪುರ ದಾಟಿದವು. ಕಾರ್ಖಾನೆಗಳ ನಡುನಡುವೆ ಉತ್ತ ಹೊಲಗಳು. ಮೇ ತಿಂಗಳ ಮಳೆಗೆ ಕೆಲವರು ಆಗಲೇ ಬಿತ್ತಿದ್ದರು. ಅಜ್ಜಿಗೆ ಹೊಲ ಕಂಡರೆ ಸಾಕು, ಪಂಚಾಂಗ ಬಾಯಿಗೆ ಬರುತ್ತದೆ. "ನಿನ್ನೆಗೆ ರೋಹಿಣಿ ಹುಟ್ತು. ಕೃತ್ತಿಕೆ ಪರವಾಗಿಲ್ಲ ಅಂತ ಹುಯ್ತು. ಮಿರಗ ಹಿಡಿದ್ರೆ ಬದುಕ್ದೊ."

ಊರು ಬರುವ ಮೊದಲು ಕಪಿಲಾ ನದಿ. ಈಗಿನ ರೈಲು ಹೊಸ ಸೇತುವೆಯ ಮೇಲೆ ಹೋಗುತ್ತದೆ. ಪಕ್ಕದಲ್ಲಿ ಹಳೆಯದು ಕಾಣುತ್ತದೆ. ದಳವಾಯಿ ದೇವರಾಜಯ್ಯ 1735ರಲ್ಲಿ ಕಟ್ಟಿಸಿದ್ದು. ಮೀಟರ್‌ಗೇಜಿನ ಕಾಲದಲ್ಲಿ ಅದರ ಮೇಲೆಯೇ ರೈಲೂ ಹೋಗುತ್ತಿತ್ತು, ಎತ್ತಿನ ಗಾಡಿಯೂ ಹೋಗುತ್ತಿತ್ತು. ಹುಡುಗನಾಗಿದ್ದಾಗ ಅಲ್ಲಿ ರೈಲು ದಾಟುವುದನ್ನು ನೋಡಲು ನಿಂತಿದ್ದೆ ಎಂದು ದರ್ಜಿ ಹೇಳತೊಡಗಿದ. ಹೇಳುವಷ್ಟರಲ್ಲಿ ಸ್ಟೇಷನ್ ಬಂತು.

ದೇವಸ್ಥಾನದ ವಿಚಾರ ಹೆಚ್ಚು ಬರೆಯುವಂಥದೇನಿಲ್ಲ, ನೋಡದವರು ಕಡಿಮೆ. ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ 1845ರಲ್ಲಿ ಕಟ್ಟಿಸಿದ ಏಳು ಅಂತಸ್ತಿನ ರಾಜಗೋಪುರ, ಸುಮಾರು ನೂರಿಪ್ಪತ್ತು ಅಡಿ ಎತ್ತರ. ಒಳಗೆ ಶ್ರೀಕಂಠೇಶ್ವರ. ಟಿಪ್ಪುವಿನ ಆನೆಗೆ ಕಣ್ಣು ಬರಿಸಿದನೆಂಬ ಕಥೆಯಿಂದ ಹಕೀಂ ನಂಜುಂಡನೂ ಅವನೇ. ಅಜ್ಜಿ ಮೊಮ್ಮಗಳ ಹೆಸರಿನಲ್ಲಿ ಅರ್ಚನೆ ಮಾಡಿಸಿತು. ನಕ್ಷತ್ರ ಕೇಳಿದಾಗ ಹೇಳಿತು. ಬೇಡಿಕೆಯೇನು ಎಂದು ಯಾರೂ ಕೇಳಲಿಲ್ಲ, ಅದೂ ಹೇಳಲಿಲ್ಲ.

ಹೊರಗೆ ಬಂದಾಗ ಹನ್ನೆರಡು ದಾಟಿತ್ತು. ಅಂಗಳದ ಕಲ್ಲು ಕಾವಲಿಯಾಗಿತ್ತು. ಭಕ್ತರೆಲ್ಲ ಕುಣಿಯುತ್ತ ಓಡುತ್ತಿದ್ದರು. ಆ ಓಟದಲ್ಲೂ ಹುಡುಗ ನಿಂತುಬಿಟ್ಟ. "ಅಕ್ಕ, ನೆರಳು ನೋಡು!" ಅವನ ನೆರಳು ಕಾಲ ಬುಡದಲ್ಲಿ ಗೇಣುದ್ದ ಬಿದ್ದಿತ್ತು, ಅದೂ ದಕ್ಷಿಣದ ಕಡೆಗೆ. ಮಧ್ಯಾಹ್ನದ ನೆರಳು ಉತ್ತರಕ್ಕೆ ಬೀಳುತ್ತದೆ ಎಂದು ಅವನು ಶಾಲೆಯಲ್ಲಿ ಕಲಿತಿದ್ದ. ಕಲಿತದ್ದು ತಪ್ಪಲ್ಲ, ವರ್ಷದ ಹೆಚ್ಚು ದಿನ ಹಾಗೆಯೇ. ಆದರೆ ಏಪ್ರಿಲ್ ಮೂರನೆಯ ವಾರ ಕಳೆಯುತ್ತಿದ್ದಂತೆ ಸೂರ್ಯ ಮೈಸೂರು ಸೀಮೆಯ ನೆತ್ತಿಯನ್ನು ದಾಟಿ ಉತ್ತರಕ್ಕೆ ಸರಿಯುತ್ತಾನೆ. ಅಲ್ಲಿಂದ ಆಗಸ್ಟಿನವರೆಗೆ ನಡುಹಗಲಿನ ನೆರಳು ದಕ್ಷಿಣಕ್ಕೆ. ಮಕ್ಕಳಿಗೆ ಇದು ಗೊತ್ತಾಗದೆ ಹೋಗುವುದಕ್ಕೆ ಕಾರಣ, ಸೂರ್ಯ ಆ ಕಡೆಗೆ ಹೋಗುವ ಹೊತ್ತಿಗೆ ಶಾಲೆಗೆ ರಜೆ, ಶಾಲೆ ತೆರೆಯುವ ಹೊತ್ತಿಗೆ ಮೋಡ! ಅಕ್ಕ ತಮ್ಮ ಇಬ್ಬರೂ ಕಾಲು ಸುಡುತ್ತಿದ್ದರೂ ಅಲ್ಲೇ ನಿಂತು ದಿಕ್ಕು ಲೆಕ್ಕಹಾಕಿದರು. ತಾಯಿ ಕೂಗಿದ ಮೇಲೆ ಓಡಿದರು.

ನದಿಯ ದಂಡೆಗೆ ಹೋಗುವ ದಾರಿಯಲ್ಲಿ ಬಾಳೆಹಣ್ಣಿನ ಗಾಡಿ. "ರಸಬಾಳೆ, ನಂಜನಗೂಡ್ ರಸಬಾಳೆ" ಎಂಬ ಕೂಗು. ಅಜ್ಜಿ ಒಂದು ಹಣ್ಣನ್ನು ಮೂಸಿ ನೋಡಿ ಕೆಳಗಿಟ್ಟಿತು. "ಇದು ರಸಬಾಳೆ ಆದ್ರೆ ನಾನು ಮಹಾರಾಣಿ." ಅದರ ಮಾತಿನಲ್ಲಿ ಹುರುಳಿದೆ. ಭೌಗೋಳಿಕ ಗುರುತು ಪಡೆದ ಆ ಹಣ್ಣು ಸಿಗುವುದೇ ಕಷ್ಟವಾಗಿದೆ. ಮಣ್ಣಿನಲ್ಲಿ ವರ್ಷಗಟ್ಟಲೆ ಅಡಗಿ ಕೂರುವ ಒಂದು ಶಿಲೀಂಧ್ರ ತರುವ ಪನಾಮಾ ಸೊರಗು ರೋಗ ತೋಟಗಳನ್ನೇ ಬರಿದು ಮಾಡಿತು. ಗಾಡಿಯವನು ನಕ್ಕು ಬುಟ್ಟಿಯ ತಳದಿಂದ ನಾಲ್ಕು ಹಣ್ಣು ತೆಗೆದ. ಬೆಲೆ ಕೇಳಿ ತಾಯಿ ಹಿಂದೆ ಸರಿದಳು. ದರ್ಜಿ ಎರಡು ಕೊಂಡ. ಎರಡು ಹಣ್ಣು ಐವರ ಪಾಲಾದಾಗ ಸಿಪ್ಪೆಯ ಒಳಮೈಯನ್ನೂ ಹುಡುಗ ಕೆರೆದು ತಿಂದ.

ಸ್ನಾನಘಟ್ಟದ ಬಳಿ ನೀರಿನ ಅಂಚಿನಲ್ಲಿ ಹದಿನಾರು ಕಾಲಿನ ಮಂಟಪವಿದೆ. ಅಂದು ನದಿ ಬಡಕಲಾಗಿತ್ತು. ವಯನಾಡಿನ ಬೆಟ್ಟಗಳಲ್ಲಿ ಮಳೆ ಹಿಡಿದರೆ ಮಾತ್ರ ಕಪಿಲೆಗೆ ಮೈ ಬರುವುದು. ಮೇಲೆ ಕಬಿನಿ ಅಣೆಕಟ್ಟಿನಲ್ಲೇ ನೀರಿಲ್ಲದಿದ್ದಾಗ ಇಲ್ಲಿಗೆ ಬರುವುದೆಷ್ಟು? ಬಂಡೆಗಳು ಮೈ ತೋರಿಸಿ ಬಿಸಿಲು ಕಾಯಿಸುತ್ತಿದ್ದವು. ಮಂಟಪದ ನೆರಳಿನಲ್ಲಿ ಮಾತ್ರ ಕಲ್ಲು ತಣ್ಣಗಿತ್ತು, ನೀರಿನ ಮೇಲಿಂದ ಗಾಳಿ ಬರುತ್ತಿತ್ತು. ಅಲ್ಲಿ ಟವೆಲು ಹಾಸಿ ಊಟಕ್ಕೆ ಕೂತರು. ಮೊಸರನ್ನ ಹದವಾಗಿತ್ತು. ಚಿತ್ರಾನ್ನ ಖಾಲಿಯಾಯಿತು. ಸಂಡಿಗೆ ಸ್ವಲ್ಪ ಮೆತ್ತಗಾಗಿದ್ದರೂ ಯಾರೂ ದೂರಲಿಲ್ಲ.

ಕೈ ತೊಳೆದು ಬಂದ ದರ್ಜಿ "ಒಂದೈದು ನಿಮಿಷ" ಎಂದು ಕಲ್ಲಿನ ಮೇಲೆ ಒರಗಿದ. ಒರಗಿದವನು ನಿದ್ದೆ ಹೋದ.

ಆ ನಿದ್ದೆಯನ್ನು ನೋಡಿ ಮನೆಯವರು ಮುಂದೇನು ಮಾಡಬೇಕೆಂದು ತಿಳಿಯದೆ ಕೂತರು. ಇನ್ನೂ ಎಷ್ಟೋ ಇತ್ತು. ಸಂಗಮದ ಕಡೆ ಹೋಗಬೇಕು, ಪರಶುರಾಮ ಗುಡಿ ನೋಡಬೇಕು, ಹುಡುಗನಿಗೆ ಐಸ್‌ಕ್ಯಾಂಡಿ ಕೊಡಿಸಬೇಕು. ಆದರೆ ಆ ಮನುಷ್ಯ ಹಗಲಲ್ಲಿ ನಿದ್ದೆ ಮಾಡಿದ್ದನ್ನು ಮಕ್ಕಳು ನೋಡಿ ಎಷ್ಟು ದಿನವಾಗಿತ್ತೋ. ರಾತ್ರಿಯ ನಿದ್ದೆಯನ್ನೂ ಅವರು ನೋಡಿರಲಿಲ್ಲ, ಅವರು ಮಲಗುವಾಗಲೂ ಏಳುವಾಗಲೂ ಅವನು ಯಂತ್ರದ ಮುಂದೆಯೇ ಇರುತ್ತಿದ್ದ. ತಾಯಿ ಸೆರಗಿನಿಂದ ನೊಣ ಓಡಿಸತೊಡಗಿದಳು. ಅಜ್ಜಿ ಕಂಬಕ್ಕೊರಗಿ ಕಣ್ಣು ಮುಚ್ಚಿತು. ಹುಡುಗ ಮೊಣಕಾಲಿನವರೆಗೆ ನೀರಿಗಿಳಿದು ನಿಂತ. ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಲು ತಾಯಿ ಬಿಡಲಿಲ್ಲ, ಬಿಡದಿದ್ದದ್ದು ಸರಿ. ಬೇಸಿಗೆಯ ನದಿ ತೆಳ್ಳಗಿದ್ದರೂ ಬಂಡೆಗಳ ನಡುವಿನ ಮಡು ಎಷ್ಟು ಆಳವೆಂದು ಮೇಲಿನಿಂದ ಹೇಳಲಾಗದು. ಪ್ರತಿ ಬೇಸಿಗೆಯಲ್ಲೂ ಪತ್ರಿಕೆಗಳಲ್ಲಿ ಒಂದಲ್ಲ ಒಂದು ಮನೆಯ ಅಳು ಅಚ್ಚಾಗುತ್ತದೆ. ಮೀನಿನ ಮರಿಗಳು ಬಂದು ಹುಡುಗನ ಕಾಲು ಕಚ್ಚಿದವು. ಕಚಗುಳಿಗೆ ಅವನು ಬಾಯಿ ಮುಚ್ಚಿಕೊಂಡು ನಕ್ಕ, ಅಪ್ಪ ಎದ್ದುಬಿಟ್ಟರೆ ಎಂದು.

ಮಗಳು ಅಪ್ಪನ ಎಡಗೈ ಪಕ್ಕದಲ್ಲಿ ಕೂತಿದ್ದಳು. ತೋರುಬೆರಳಿನ ಉಗುರಿನ ಮೇಲೆ ಮತದಾನದ ಶಾಯಿಯಿತ್ತು. ಲೋಕಸಭಾ ಚುನಾವಣೆಗೆ ಮೈಸೂರಿನಲ್ಲಿ ಮತ ಹಾಕಿದ್ದು ಏಪ್ರಿಲ್ 26ರಂದು, ಸರಿಯಾಗಿ ಒಂದು ತಿಂಗಳ ಹಿಂದೆ. ಆ ಶಾಯಿ ಮೈಸೂರಿನದೇ. ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ ಶುರುವಾದ ಬಣ್ಣದ ಕಾರ್ಖಾನೆ 1962ರಿಂದ ದೇಶಕ್ಕೆಲ್ಲ ಅದನ್ನು ಒದಗಿಸುತ್ತಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನೊಂದಿಗೆ ಸೇರಿ ಬೆಳಕಿಗೆ ಕಪ್ಪಾಗುತ್ತದೆ, ಯಾವ ಸೋಪಿಗೂ ಜಗ್ಗುವುದಿಲ್ಲ. ಚರ್ಮದ ಮೇಲಿನದು ಚರ್ಮ ಸವೆದಂತೆ ಹೋಗುತ್ತದೆ. ಉಗುರಿನ ಮೇಲಿನದು ಹೋಗಬೇಕಾದರೆ ಉಗುರೇ ಬೆಳೆಯಬೇಕು. ದರ್ಜಿಯ ಬೆರಳಿನಲ್ಲಿ ಶಾಯಿ ಮುಂದಕ್ಕೆ ಸರಿದು, ಬುಡದಲ್ಲಿ ಹೊಸ ಉಗುರಿನ ಬಿಳಿ ಕಾಣುತ್ತಿತ್ತು. ಅಳತೆಯ ಟೇಪು ಅವನ ಜೇಬಿನಿಂದ ಹೊರಗಿಣುಕುತ್ತಿತ್ತು. ದೇವಸ್ಥಾನಕ್ಕೆ ಬಂದರೂ ಅದನ್ನು ಮನೆಯಲ್ಲಿಟ್ಟು ಬಂದಿರಲಿಲ್ಲ. ಮಗಳು ಮೆಲ್ಲಗೆ ಎಳೆದು, ಸೆಂಟಿಮೀಟರಿನ ಮಗ್ಗುಲಿನಿಂದ ಅಳೆದಳು. ಮೂರು ಮಿಲಿಮೀಟರು.

"ಏನೇ ಅದು?" ಎಂದಳು ತಾಯಿ ಪಿಸುದನಿಯಲ್ಲಿ.

"ಅಪ್ಪನ ಉಗುರು ಒಂದು ತಿಂಗಳಿಗೆ ಮೂರು ಮಿಲಿಮೀಟರ್ ಬೆಳ್ದಿದೆ."

"ಅದುನ್ನೂ ಅಳೀಬೇಕಾ?"

"ನಾನು ದಸರಾಕ್ಕೆ ಬರೋ ಹೊತ್ಗೆ ಈ ಶಾಯಿ ಇರಲ್ಲಮ್ಮ."

ತಾಯಿ ನೊಣ ಓಡಿಸುವುದನ್ನು ನಿಲ್ಲಿಸಿ ಮಗಳ ಮುಖ ನೋಡಿದಳು. ಆಮೇಲೆ ಅವಳ ತಲೆಯನ್ನು ತೊಡೆಯ ಮೇಲೆಳೆದುಕೊಂಡು ಜಡೆ ಬಿಚ್ಚಿ ಬಾಚತೊಡಗಿದಳು. ಆ ದಿನದ ಪ್ರವಾಸದಲ್ಲಿ ಅವರು ನೋಡಿದ್ದಕ್ಕಿಂತ ಹೀಗೆ ಸುಮ್ಮನೆ ಕೂತದ್ದೇ ಹೆಚ್ಚು. ಎರಡು ಗಂಟೆಯ ಮೇಲೆ ದರ್ಜಿ ದಡಬಡಿಸಿ ಎದ್ದ. "ಎಬ್ಬಿಸ್ಬಾರ್ದಾ? ಹೊತ್ತೆಲ್ಲ ಹೋಯ್ತಲ್ಲ!" ಎಂದು ಎಲ್ಲರ ಮೇಲೂ ರೇಗಿದ. ಹುಡುಗನಿಗೆ ಐಸ್‌ಕ್ಯಾಂಡಿ ಸಿಕ್ಕಿತು. ಪರಶುರಾಮ ಗುಡಿ ಉಳಿದುಹೋಯಿತು.

ಬಸ್ ನಿಲ್ದಾಣಕ್ಕೆ ಬರುವಾಗ ಪಡುವಣದಲ್ಲಿ ಮೋಡ ಕಟ್ಟಿತ್ತು. ಕಂಡಕ್ಟರು ಮೂವರು ಹೆಂಗಸರಿಗೆ ದುಡ್ಡಿಲ್ಲದ ಟಿಕೇಟು ಹರಿದುಕೊಟ್ಟಾಗ ಅಜ್ಜಿ ಹುಡುಗನ ಕಡೆ ನೋಡಿ, ರೈಲಿಗೆ ಕೊಟ್ಟ ದುಡ್ಡನ್ನು ಕಣ್ಣಲ್ಲೇ ಲೆಕ್ಕಹಾಕಿ ತೋರಿಸಿತು. ಕಡಕೊಳದ ಹತ್ತಿರ ಮಳೆ ಹಿಡಿಯಿತು. ದಪ್ಪ ಹನಿ, ಮೊದಲು ಧೂಳಿಗೆ ಬಿದ್ದು ಉಂಡೆಯಾಗುವಂಥ ಹನಿ. ಎಲ್ಲರೂ ಕಿಟಕಿ ಎಳೆದುಕೊಂಡರೂ ಮಗಳು ಮಾತ್ರ ನಾಲ್ಕು ಬೆರಳಷ್ಟು ತೆರೆದಿಟ್ಟಳು. ಮಣ್ಣಿನ ವಾಸನೆ ಬಸ್ಸಿನೊಳಗೆಲ್ಲ ತುಂಬಿತು. ಈ ವಾಸನೆಗೆ 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಪೆಟ್ರಿಕೋರ್ ಎಂದು ಹೆಸರಿಟ್ಟರು. ಒಣಗಿದ ಕಾಲದಲ್ಲಿ ಗಿಡಗಳಿಂದ ಬಂದು ಕಲ್ಲು ಮಣ್ಣಿಗೆ ಹತ್ತಿದ ಎಣ್ಣೆಯಂಶ, ಮಣ್ಣಿನ ಜೀವಾಣುಗಳು ಮಾಡಿಟ್ಟ ಜಿಯೋಸ್ಮಿನ್ ಎಂಬ ವಸ್ತು ಎರಡೂ ಮಳೆಹನಿಯ ಪೆಟ್ಟಿಗೆ ಗಾಳಿಗೆ ಹಾರುತ್ತವೆ. ಅವರಿಗಿಂತ ಮೊದಲೇ ಉತ್ತರಪ್ರದೇಶದ ಕನೌಜಿನಲ್ಲಿ ಒಣ ಮಣ್ಣನ್ನು ಬಟ್ಟಿಯಿಳಿಸಿ ಈ ವಾಸನೆಯನ್ನು ಅತ್ತರಾಗಿ ಸೀಸೆಗೆ ತುಂಬುತ್ತಿದ್ದರು. ಸೀಸೆಯದು ದುಬಾರಿ, ಬಸ್ಸಿನದು ಪುಕ್ಕಟೆ.

ಬಂಡಿಪಾಳ್ಯ ದಾಟುವಾಗ ಹುಡುಗ ಅಕ್ಕನ ಭುಜದ ಮೇಲೆ ನಿದ್ದೆ ಹೋಗಿದ್ದ. ಮನೆ ತಲುಪಿದ ಅರ್ಧ ಗಂಟೆಗೆ ಯಂತ್ರ ಶುರುವಾಯಿತು. ರಾತ್ರಿ ಟಿವಿಯಲ್ಲಿ ರೆಮಾಲ್ ಚಂಡಮಾರುತ ಬಂಗಾಳದ ದಡಕ್ಕೆ ಬಡಿಯುತ್ತಿರುವ ಸುದ್ದಿ ಬರುತ್ತಿತ್ತು. ಮಗಳು ಕಾಜ ಹಾಕುತ್ತ ಕೂತಿದ್ದಳು. ಬುಧವ��ರ ಬೆಳಿಗ್ಗೆಗೆ ನಲವತ್ತು ಜೊತೆಯೂ ಹೋದವು. ಗುರುವಾರ, ಮೇ 30ರಂದು, ಮುಂಗಾರು ವಾಡಿಕೆಗಿಂತ ಎರಡು ದಿನ ಮೊದಲೇ ಕೇರಳಕ್ಕೆ ಬಂತು.

ಶುಕ್ರವಾರ ರಾತ್ರಿಯ ಬಸ್ಸಿಗೆ ಅಪ್ಪ ಮಗಳು ಹೊರಟರು. ಎರಡು ದಿನದಲ್ಲಿ ಅವಳಿಗೆ ಮೂರು ಜೊತೆ ಚೂಡಿದಾರ ಹೊಲಿದಿದ್ದ. ಮಡಚಿ ಚೀಲಕ್ಕಿಡುವಾಗ, "ತೋಳಲ್ಲಿ, ಕೆಳಗಡೆ, ಎಲ್ಲಾ ಕಡೆ ಒಳಗೆ ಬಿಟ್ಟಿವ್ನಿ ಕಣವ್ವ. ಬಿಗಿಯಾದ್ರೆ ನೀನೇ ಬಿಚ್ಕೋಬೋದು. ದಾರ ತೆಗೆಯೋದು ಗೊತ್ತಲ್ಲ?" ಎಂದ. ಅವಳು ಗೊತ್ತು ಎಂದಳು. ಅಜ್ಜಿ ಒಂದು ಡಬ್ಬಿ ಸಂಡಿಗೆ ಕಟ್ಟಿಕೊಡಲು ಹೋಗಿ, ಹಾಸ್ಟೆಲ್ಲಿನಲ್ಲಿ ಕರಿಯುವವರಾರು ಎಂದು ಅದನ್ನು ಮತ್ತೆ ಅಟ್ಟಕ್ಕೆ ಇಟ್ಟಿತು.

ಆ ವರ್ಷ ಮಳೆ ಮಾತು ಉಳಿಸಿಕೊಂಡಿತು. ಜುಲೈನಲ್ಲೇ ಕನ್ನಂಬಾಡಿ ತುಂಬಿತು. ಕಬಿನಿಯಿಂದ ಬಿಟ್ಟ ನೀರು ನಂಜನಗೂಡಿನ ಸ್ನಾನಘಟ್ಟ ಮುಚ್ಚಿತು, ಹದಿನಾರು ಕಾಲಿನ ಮಂಟಪವೂ ಮುಳುಗಿತು. ಪತ್ರಿಕೆಯಲ್ಲಿ ಬಂದ ಚಿತ್ರವನ್ನು ಹುಡುಗ ಕತ್ತರಿಸಿ ಅಳತೆಯ ಪುಸ್ತಕದೊಳಗೆ ಇಟ್ಟ. ಭಾನುವಾರ ಸಂಜೆ ಹಾಸ್ಟೆಲ್ಲಿನಿಂದ ಫೋನು ಬಂದಾಗ ಮೊದಲು ಕಸಿದುಕೊಂಡವನೂ ಅವನೇ.

"ಅಕ್ಕ, ಅಪ್ಪ ಮಲಗಿದ್ರಲ್ಲ ಆ ಮಂಟಪ, ಪೂರ್ತಿ ನೀರೊಳಗೆ ಹೋಗಿದೆ!"

ಆ ಕಡೆಯಿಂದ ಅವಳು ಏನೋ ಕೇಳಿದಳು. ಹುಡುಗ ಅಪ್ಪನ ಕಡೆ ತಿರುಗಿ, "ಅಪ್ಪ, ಎಡಗೈ ತೋರ್ಸು" ಎಂದ. ದರ್ಜಿ ಹಲ್ಲಿನಲ್ಲಿ ಹಿಡಿದಿದ್ದ ದಾರವನ್ನು ಬಿಟ್ಟು ಕೈ ಚಾಚಿದ. ಹುಡುಗ ಬಗ್ಗಿ ನೋಡಿ ಫೋನಿಗೆ ಹೇಳಿದ: "ತುದೀಲಿ ಒಂಚೂರಿದೆ ಅಕ್ಕ. ಅಪ್ಪ ಉಗುರು ಕತ್ತರಿಸಿಲ್ಲ."